ಬೀಗದ ಕೈಗೆ ಇರುವ ಲೆಕ್ಕ ಲಾಗಿನ್‌ಗೆ ಯಾಕಿಲ್ಲ?

ಕಳೆದ ವಾರ ರಾತ್ರಿ ಊಟಕ್ಕೆ ಕೂತಿದ್ದೆ, ಫೋನಿಗೆ ಒಂದು ಒಟಿಪಿ ಬಂತು. ನಾನು ಎಲ್ಲೂ ಲಾಗಿನ್ ಆಗಿರಲಿಲ್ಲ. ನೋಡಿದರೆ ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಜಿಮೇಲ್ ಖಾತೆಯದು. ಆ ತೋಟದ ಆಫೀಸಿನಲ್ಲಿ ನಾನು ನಾಲ್ಕು ವರ್ಷ ಲೆಕ್ಕ ಬರೆದಿದ್ದೇನೆ, ನಿಜ. ಆದರೆ ಅಲ್ಲಿಂದ ಬಿಟ್ಟಿದ್ದು 2021ರ ಮಾರ್ಚಿನಲ್ಲಿ, ರೊಬಸ್ಟಾ ಕೊಯ್ಲು ಮುಗಿದ ಮೇಲೆ. ಐದು ನಿಮಿಷದಲ್ಲಿ ಅಲ್ಲಿ ಲೆಕ್ಕ, ಹಾಜರಿ ನೋಡುವ ಈಗಿನ ರೈಟರ್ ಫೋನ್ ಮಾಡಿದ. "ಅಣ್ಣಾ, ಹೊಸ ಕಂಪ್ಯೂಟರ್ ಹಾಕಿದ್ದೀವಿ, ನಿಮ್ಗೊಂದು ನಂಬರ್ ಬಂದಿರ್ಬೇಕು, ಸ್ವಲ್ಪ ಹೇಳಿ" ಅಂದ. ದನಿ ಗುರುತಿತ್ತು, ಹೇಳಿದೆ. ಆಮೇಲೆ ಊಟ ರುಚಿಸಲಿಲ್ಲ.

ಯಾಕೆಂದರೆ ನಾನು ಕೆಲಸ ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಸಾಹುಕಾರರು ಒಂದು ನೋಟ್‌ಬುಕ್ ಹಿಡಿದು ಕೂತಿದ್ದರು. ಸ್ಟೋರಿನ ಬೀಗದ ಕೈ ಎರಡು, ಪಂಪ್‌ಶೆಡ್ಡಿನದು ಒಂದು, ಬೈಕು, ಕೂಲಿಯವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ, ರಸೀದಿ ಪುಸ್ತಕ, ಕ್ವಾರ್ಟರ್ಸಿನ ಗ್ಯಾಸ್ ಸಿಲಿಂಡರ್ ಕೂಡ, ಒಂದೊಂದನ್ನೂ ಬರೆದುಕೊಂಡು ಕೆಳಗೆ ನನ್ನ ಸಹಿ ತೆಗೆದುಕೊಂಡರು. ಅದರಲ್ಲಿ ನನಗೆ ಬೇಜಾರೇನೂ ಆಗಲಿಲ್ಲ. ಸ್ಟೋರಿನಲ್ಲಿ ಒಳ್ಳೆಮೆಣಸಿನ ಮೂಟೆಗಳಿದ್ದವು, ಲೆಕ್ಕ ಇರಲೇಬೇಕು. ಆದರೆ ಅದೇ ಆಫೀಸಿನ ಇಮೇಲ್, ಪಿಎಫ್ ಖಾತೆ, ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡುವ ಲಾಗಿನ್, ಸಿಸಿಟಿವಿ ಆ್ಯಪ್, ಇವುಗಳ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರಿಗೂ ಹೊಳೆಯಲೇ ಇಲ್ಲ. ಮೆಣಸಿನ ಸ್ಟೋರಿನ ಬಾಗಿಲು ಅವತ್ತೇ ನನಗೆ ಮುಚ್ಚಿತು, ಉಳಿದ ಎಲ್ಲಾ ಬಾಗಿಲುಗಳು ಈಗಲೂ ತೆರೆದೇ ಇವೆ.

ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ. ಡಿಜಿಟಲ್ ಗುರುತು, ಪ್ರವೇಶದ ಹಕ್ಕು ಅಂತೆಲ್ಲ ದೊಡ್ಡ ಹೆಸರುಗಳಿವೆ. ಒಳಗಿನ ವಿಷಯ ಸರಳ. ಕಂಪ್ಯೂಟರ್ ನಮ್ಮನ್ನು ಮೂರು ಪ್ರಶ್ನೆ ಕೇಳುತ್ತದೆ. ನೀನು ಯಾರು? ನೀನೇ ಅಂತ ಹೇಗೆ ನಂಬಲಿ? ನಿನಗೆ ಏನೇನು ಮಾಡಲು ಬಿಡಬೇಕು? ಮೊದಲನೆಯದಕ್ಕೆ ಉತ್ತರ ಯೂಸರ್ ನೇಮ್, ಎರಡನೆಯದಕ್ಕೆ ಪಾಸ್‌ವರ್ಡ್, ಒಟಿಪಿ ಅಥವಾ ಬೆರಳಚ್ಚು, ಮೂರನೆಯದಕ್ಕೆ ಆ ಸಂಸ್ಥೆಯವರು ಮೊದಲೇ ಮಾಡಿಟ್ಟ ಪಟ್ಟಿ. ಇವಲ್ಲದೆ ಇನ್ನೊಂದಿದೆ, ಯಾರು ಯಾವಾಗ ಏನು ಮಾಡಿದರು ಎಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ಲಾಗ್. ಜನ ಮಾತಾಡುವುದು ಬರೀ ಎರಡನೆಯದರ ಬಗ್ಗೆ. ಪಾಸ್‌ವರ್ಡ್ ಗಟ್ಟಿ ಇರಲಿ, ಯಾರಿಗೂ ಹೇಳಬೇಡಿ, ಇಷ್ಟೇ. ನಾನು ಕೊಡಗಿನ ಆಫೀಸುಗಳಲ್ಲಿ ಕಂಡ ತೊಂದರೆಗಳಲ್ಲಿ ಮುಕ್ಕಾಲು ಪಾಲು ಮೊದಲನೆಯ ಮತ್ತು ಮೂರನೆಯ ಪ್ರಶ್ನೆಯಿಂದ ಹುಟ್ಟಿದವು. ಹೆಸರು ಒಬ್ಬರದು ಇರುತ್ತದೆ, ಕೈ ನಾಲ್ಕು ಜನರದು.

ಈಗ ಇದನ್ನು ಬರೆಯಲು ಕಾರಣ ಇದೆ. ನಮ್ಮ ಕಡೆ ಕಳೆದ ಐದಾರು ವರ್ಷದಲ್ಲಿ ಎಲ್ಲವೂ ಲಾಗಿನ್ ಆಗಿಬಿಟ್ಟಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೇ ತೆಗೆದುಕೊಳ್ಳಿ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯಲ್ಲಿ ದೇಶದ 63,000 ಸಂಘಗಳನ್ನು ಒಂದೇ ಬಗೆಯ ಸಾಫ್ಟ್‌ವೇರ್‌ಗೆ ತರಲು 2,516 ಕೋಟಿ ರೂಪಾಯಿ ಇಟ್ಟರು. ಲೆಡ್ಜರ್ ಬರೆಯುತ್ತಿದ್ದ ಕೈಗಳು ಕೀಬೋರ್ಡಿಗೆ ಬಂದವು. ಹೋಂಸ್ಟೇಯವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಅಂದರೆ ಆ ಖಾತೆಯೊಳಗೆ ಜನರ ಪಾಸ್‌ಪೋರ್ಟ್ ವಿವರ ಕೂತಿರುತ್ತದೆ. ಪಂಚಾಯಿತಿಯಲ್ಲಿ ಬಿಲ್ ಪಾಸಾಗಲು ಡಿಜಿಟಲ್ ಸಹಿಯ ಡಾಂಗಲ್, ಅಂದರೆ ಪೆನ್‌ಡ್ರೈವಿನಂಥ ಕೀಲಿ ಬೇಕು. ತೋಟಕ್ಕೆ ಹಾಜರಾತಿ ಯಂತ್ರ ಬಂದಿದೆ. ಯಂತ್ರ ಬಂತು, ಸಾಫ್ಟ್‌ವೇರ್ ಬಂತು, ಎರಡು ದಿನದ ತರಬೇತಿಯೂ ಆಯಿತು. ಯಾರಿಗೆ ಯಾವ ಬಾಗಿಲು ತೆರೆಯಬೇಕು, ಹೋಗುವಾಗ ಯಾರು ಮುಚ್ಚಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಇದು ಎಷ್ಟು ನೋವು ಕೊಡಬಹುದು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಸೊಸೈಟಿ, ಹೆಸರು ಬೇಡ. ಮೂರು ಜನ ಸಿಬ್ಬಂದಿ. ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಅವತ್ತು ಕೌಂಟರಿನಲ್ಲಿ ಕೂತಿದ್ದ ಗುಮಾಸ್ತೆಯ ಹೆಸರಲ್ಲಿ ಒಂದು ಲಾಗಿನ್ ಮಾಡಿಕೊಟ್ಟು ಹೋದ. ಪಾಸ್‌ವರ್ಡ್ ಮಾನಿಟರಿನ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು. ಮೂವರೂ ಅದರಲ್ಲೇ ಕೆಲಸ ಮಾಡಿದರು, ಬೆಳಿಗ್ಗೆ ಬಂದವರು ತೆರೆಯುವುದು, ಸಂಜೆ ಕೊನೆಗೆ ಹೋಗುವವರು ಮುಚ್ಚುವುದು. ಹುತ್ತರಿ ಹಬ್ಬಕ್ಕೆ ಆಕೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದಳು. ಆ ಎರಡು ದಿನದಲ್ಲಿ ಒಂದು ಚಿನ್ನದ ಸಾಲ ತೀರಿದೆ ಅಂತ ನಮೂದಾಯಿತು, ಒಡವೆ ಹೊರಗೆ ಹೋಯಿತು, ದುಡ್ಡು ಮಾತ್ರ ಒಳಗೆ ಬರಲಿಲ್ಲ. ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಲಾಗ್ ತೆಗೆದರೆ ಆಕೆಯ ಹೆಸರು.

ಹಾಜರಿ ಪುಸ್ತಕದಲ್ಲಿ ರಜೆ ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಆದರೂ ಆಡಳಿತ ಮಂಡಳಿಯವರು ಕಂಪ್ಯೂಟರನ್ನೇ ನಂಬಿದರು. "ಪಾಸ್‌ವರ್ಡ್ ನಿನ್ನದು, ಮನೆಯಿಂದಲೇ ಯಾರಿಗಾದರೂ ಹೇಳಿರಬಹುದು" ಅಂದರು. ಏಳು ತಿಂಗಳು ಆಕೆ ಸಂಬಳವಿಲ್ಲದೆ ಕೂತಳು. ಕೊನೆಗೆ ಒಡವೆ ಬಿಡಿಸಿದ ರಸೀದಿಯ ಕೈಬರಹ ಆಕೆಯದಲ್ಲ ಎಂದು ಗೊತ್ತಾಗಿ ಬಿಟ್ಟರು. ಆಕೆ ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ನಿಜವಾಗಿ ಮಾಡಿದವರು ಯಾರು? ಇವತ್ತಿಗೂ ಸಾಬೀತಾಗಿಲ್ಲ. ಸಾಬೀತಾಗಲು ಸಾಧ್ಯವೂ ಇಲ್ಲ, ಯಾಕೆಂದರೆ ಒಂದೇ ಹೆಸರಿನ ಹಿಂದೆ ಮೂರು ಜನ ನಿಂತಿದ್ದರು. ಒಂದು ದಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದಾಗ ಆಕೆ ಹೇಳಿದ ಮಾತು ನನ್ನ ಮನಸ್ಸಲ್ಲೇ ಉಳಿದಿದೆ. "ಅಣ್ಣಾ, ಕದ್ದಿಲ್ಲ ಅಂತ ಎಲ್ರಿಗೂ ಗೊತ್ತು. ಆದ್ರೂ ನನ್ನ ಹೆಸರು ಅದರಲ್ಲಿ ಇದೆಯಲ್ಲ."

ಈ ಘಟನೆ ಆದ ಮೇಲೆ ನಾನು ಯಾವ ಆಫೀಸಿಗೆ ಹೋದರೂ ಮೊದಲು ಹೇಳುವುದು ಒಂದೇ, ಒಬ್ಬರಿಗೆ ಒಂದು ಲಾಗಿನ್ ಮಾಡಿ. ಬರುವ ಉತ್ತರವೂ ಎಲ್ಲಾ ಕಡೆ ಒಂದೇ. "ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ವಾ?" ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮದು ಚಿಕ್ಕ ಜಿಲ್ಲೆ. ಆಫೀಸಿನಲ್ಲಿ ಕೂತವರು ಒಬ್ಬರಿಗೊಬ್ಬರು ನೆಂಟರು, ಇಲ್ಲವೇ ಒಂದೇ ಊರಿನವರು, ಇಲ್ಲವೇ ಅಪ್ಪಂದಿರು ಒಟ್ಟಿಗೆ ಓದಿದವರು. "ಅವನು ನಮ್ಮ ಹುಡುಗ" ಎಂಬ ಮಾತಿಗೆ ಇಲ್ಲಿ ಬಾಂಡ್ ಪೇಪರಿಗಿಂತ ಬೆಲೆ ಜಾಸ್ತಿ. ಅಂಥ ಜಾಗದಲ್ಲಿ ನಿನ್ನ ಪಾಸ್‌ವರ್ಡ್ ನನಗೆ ಬೇಡ, ನನ್ನದು ನಿನಗೆ ಕೊಡುವುದಿಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ನನಗೆ ಇದು ಅರ್ಥವಾಗುತ್ತದೆ. ಆದರೆ ಆ ಗುಮಾಸ್ತೆಯ ಕಥೆಯಲ್ಲಿ ನಂಬಿಕೆಗೆ ಏನಾಯಿತು ನೋಡಿ. ಮೂವರೂ ಒಬ್ಬರನ್ನೊಬ್ಬರು ನಂಬಿದ್ದರು. ತಪ್ಪು ನಡೆದ ಮರುಕ್ಷಣ ಆ ನಂಬಿಕೆ ಪುಡಿಯಾಯಿತು, ಅದರಲ್ಲೂ ನಿಯತ್ತಿನವಳ ತಲೆಯ ಮೇಲೆ ಬಿತ್ತು. ಅವಳದೇ ಒಂದು ಲಾಗಿನ್ ಇದ್ದು, ಅವಳ ಫೋನಿಗೇ ಒಟಿಪಿ ಬರುವಂತಿದ್ದರೆ ಅರ್ಧ ಗಂಟೆಯಲ್ಲಿ ಅವಳು ಹೊರಗೆ ಬರುತ್ತಿದ್ದಳು. ಬೇರೆ ಬೇರೆ ಲಾಗಿನ್ ಇರಬೇಕಾದ್ದು ಮೊದಲಿಗೆ ಒಳ್ಳೆಯವರ ಸಲುವಾಗಿ. ಇದನ್ನು ಹೀಗೆ ಬಿಡಿಸಿ ಹೇಳಿದ ಮೇಲೆ ಒಪ್ಪದವರನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ. ಪಾಸ್‌ವರ್ಡ್ ಹುಟ್ಟಿದ್ದೇ ಒಂದು ಯಂತ್ರವನ್ನು ಹಲವರು ಬಳಸಬೇಕಾಗಿ ಬಂದಾಗ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದೇ ಕಂಪ್ಯೂಟರನ್ನು ಬಹಳ ಜನ ಹಂಚಿಕೊಳ್ಳುತ್ತಿದ್ದರು, ಪ್ರತಿಯೊಬ್ಬರ ಫೈಲು, ಪ್ರತಿಯೊಬ್ಬರ ಪಾಲಿನ ಸಮಯ ಬೇರೆ ಇರಲಿ ಎಂದು ಪಾಸ್‌ವರ್ಡ್ ತಂದರು. ಯಂತ್ರ ಒಂದು, ಪಾಸ್‌ವರ್ಡ್ ಹಲವು. ನಾವೀಗ ಅದನ್ನು ತಲೆಕೆಳಗೆ ಮಾಡಿದ್ದೇವೆ, ಆಫೀಸಿನಲ್ಲಿ ಕಂಪ್ಯೂಟರ್ ನಾಲ್ಕು, ಪಾಸ್‌ವರ್ಡ್ ಒಂದೇ. ಅದೂ ಎಷ್ಟೋ ಕಡೆ 'ಕೂರ್ಗ್@123'.

ಕೆಲಸ ಬಿಟ್ಟವರ ವಿಷಯಕ್ಕೆ ಬರುತ್ತೇನೆ. ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ತೀರಿಹೋಗಿ ಎಷ್ಟೋ ವರ್ಷವಾದ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ ಹೆಸರೇ ಉಳಿದಿರುವುದು ಕೊಡಗಿನವರಿಗೆ ಹೊಸದೇನಲ್ಲ, ಅದರಿಂದ ಸಾಲ ಸಿಗದೆ, ಪಾಲಾಗದೆ ಎಷ್ಟು ಮನೆಗಳು ಅಲೆದಿವೆ ಅಂತಲೂ ಗೊತ್ತು. ಕಂಪ್ಯೂಟರಿನಲ್ಲೂ ಹಾಗೇ ಹಳೆ ಹೆಸರುಗಳು ಉಳಿಯುತ್ತವೆ. ಒಂದು ದೊಡ್ಡ ವ್ಯತ್ಯಾಸ ಇದೆ. ಪಹಣಿಯ ಹಳೆ ಹೆಸರು ಎದ್ದು ಬಂದು ಜಾಗ ಮಾರುವುದಿಲ್ಲ. ಹಳೆ ಲಾಗಿನ್ ಅನ್ನು ಯಾರು ಬೇಕಾದರೂ ಹಾಕಿಕೊಂಡು ಒಳಗೆ ಬರಬಹುದು.

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತುಹೋದದ್ದು ಹೀಗೆಯೇ. ಆ ದೇಶದ ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಸುಮಾರು ಶೇ 45ರಷ್ಟು ಆ ಕೊಳವೆಯಲ್ಲಿ ಹೋಗುತ್ತದೆ. ಆ ಕಂಪನಿಯ ಕಂಪ್ಯೂಟರುಗಳ ಒಳಗೆ ನುಗ್ಗಿದವರು ಬಳಸಿದ್ದು ಒಂದು ವಿಪಿಎನ್ ಖಾತೆ, ಅಂದರೆ ಹೊರಗೆ ಕೂತು ಆಫೀಸಿನ ಜಾಲದೊಳಗೆ ಬರುವ ದಾರಿ. ಅದು ಬಳಕೆಯಲ್ಲೇ ಇರಲಿಲ್ಲ, ಆದರೆ ಯಾರೂ ಮುಚ್ಚಿರಲಿಲ್ಲ. ಪಾಸ್‌ವರ್ಡ್ ಒಂದಿದ್ದರೆ ಸಾಕಿತ್ತು, ಎರಡನೇ ಪರೀಕ್ಷೆ ಇರಲಿಲ್ಲ. ಪೆಟ್ರೋಲ್ ಬಂಕ್‌ಗಳಲ್ಲಿ ಸಾಲು ನಿಂತಿತು, ಕಂಪನಿ ನುಗ್ಗಿದವರಿಗೆ ಒತ್ತೆ ಹಣವಾಗಿ ಸುಮಾರು 44 ಲಕ್ಷ ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟಿತು. ಅಷ್ಟು ದೊಡ್ಡ ಕಂಪನಿಗೆ ಭದ್ರತೆಗೆ ದುಡ್ಡಿಲ್ಲ ಅಂತಲ್ಲ. ಮುಚ್ಚಬೇಕಾದ ಒಂದು ಬಾಗಿಲಿನ ನೆನಪು ಯಾರಿಗೂ ಇರಲಿಲ್ಲ, ಅಷ್ಟೇ. ಅದಕ್ಕೂ ಮೊದಲು, 2013ರ ಕೊನೆಯಲ್ಲಿ, ಟಾರ್ಗೆಟ್ ಎಂಬ ಅಂಗಡಿ ಸರಣಿಯಿಂದ ಸುಮಾರು 4 ಕೋಟಿ ಗಿರಾಕಿಗಳ ಕಾರ್ಡ್ ವಿವರ ಹೋಯಿತು. ಕಳ್ಳರು ಮೊದಲು ಹಿಡಿದದ್ದು ಆ ಅಂಗಡಿಗಳಿಗೆ ಫ್ರಿಜ್, ಎಸಿ ಕೆಲಸ ಮಾಡಿಕೊಡುತ್ತಿದ್ದ ಒಂದು ಸಣ್ಣ ಕಂಪನಿಯ ಲಾಗಿನ್ ಅನ್ನು. ನಮ್ಮಲ್ಲಿ ಆ ಜಾಗದಲ್ಲಿ ಇರುವವರು ಸಿಸಿಟಿವಿ ಹಾಕಿದ ಹುಡುಗ, ಪ್ರಿಂಟರ್ ರಿಪೇರಿಗೆ ಬರುವವರು, ವೆಬ್‌ಸೈಟ್ ಮಾಡಿಕೊಟ್ಟವರು. ಅವರೆಲ್ಲ ಒಳ್ಳೆಯವರೇ. ಆದರೆ ನಿಮ್ಮ ಕ್ಯಾಮರಾದ ಪಾಸ್‌ವರ್ಡ್ ಅವರ ಫೋನಿನಲ್ಲಿದ್ದು ಆ ಫೋನ್ ಬಸ್ಸಿನಲ್ಲಿ ಬಿದ್ದುಹೋದರೆ?

ಹೋಂಸ್ಟೇಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಕೆಲಸದವರು ಬದಲಾಗುತ್ತಲೇ ಇರುತ್ತಾರೆ. ಬುಕಿಂಗ್ ಸೈಟುಗಳ ಮಾಲೀಕರ ಖಾತೆಯನ್ನು ಮ್ಯಾನೇಜರ್ ಕೈಗೆ ಕೊಟ್ಟಿರುತ್ತಾರೆ. ಮ್ಯಾನೇಜರ್ ಎರಡು ಸೀಸನ್ ಮಾಡಿ ಬೇರೆ ರೆಸಾರ್ಟಿಗೆ ಹೋಗುತ್ತಾನೆ, ಲಾಗಿನ್ ಅವನ ಜೊತೆಗೇ ಹೋಗುತ್ತದೆ. ಇಂಥ ಖಾತೆ ಕೈಗೆ ಸಿಕ್ಕಿದ ವಂಚಕರು ಅತಿಥಿಗಳಿಗೆ ನೇರವಾಗಿ ಮೆಸೇಜು ಹಾಕುತ್ತಾರೆ, "ನಿಮ್ಮ ಬುಕಿಂಗ್ ಖಚಿತವಾಗಲು ಈ ಲಿಂಕಿನಲ್ಲಿ ಮತ್ತೆ ದುಡ್ಡು ಕಟ್ಟಿ" ಅಂತ. ಹೆಸರು, ದಿನಾಂಕ, ರೂಮು ಎಲ್ಲವೂ ಸರಿ ಇರುವುದರಿಂದ ಜನ ನಂಬಿ ಕಟ್ಟುತ್ತಾರೆ. ಹಲವು ದೇಶಗಳ ಹೋಟೆಲುಗಳಲ್ಲಿ ನಡೆದಿರುವ ಮೋಸ ಇದು. ದುಡ್ಡು ಹೋಗುವುದು ಅತಿಥಿಯದು, ಹೆಸರು ಕೆಡುವುದು ನಮ್ಮ ಮನೆಯದು. ಇದರ ಜೊತೆಗೆ ವಾಟ್ಸಾಪಿನಲ್ಲಿ ತರಿಸಿಕೊಂಡ ಆಧಾರ್ ಫೋಟೋಗಳು ಆ ಮ್ಯಾನೇಜರನ ಗ್ಯಾಲರಿಯಲ್ಲಿ ಎಷ್ಟು ಉಳಿದಿವೆಯೋ.

ಎಲ್ಲದಕ್ಕಿಂತ ಮೊದಲು ನೋಡಬೇಕಾದ್ದು ಆಫೀಸಿನ ಇಮೇಲ್. ಯಾವ ಸೈಟಿನಲ್ಲಾದರೂ 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತಿದರೆ ಹೊಸ ಪಾಸ್‌ವರ್ಡಿನ ಲಿಂಕ್ ಬರುವುದು ಅಲ್ಲಿಗೇ. ಇಮೇಲ್ ಯಾರ ಕೈಯಲ್ಲಿದೆಯೋ ಉಳಿದದ್ದೆಲ್ಲ ಅವರ ಕೈಯಲ್ಲಿದೆ. ಅದಕ್ಕೇ ನನಗೆ ಆ ರಾತ್ರಿ ಊಟ ಸೇರದೆ ಹೋದದ್ದು. ಆ ಜಿಮೇಲ್‌ಗೆ ನನ್ನ ಫೋನೇ ಬೀಗದ ಕೈ ಅಂದರೆ, ಆ ತೋಟಕ್ಕೇ ನಾನು ಬೀಗದ ಕೈ ಹಿಡಿದುಕೊಂಡು ಓಡಾಡುತ್ತಿದ್ದೇನೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಕೇಳುವುದು ನನ್ನನ್ನು.

ಕೆಲಸ ಬಿಟ್ಟವರು ಕಣ್ಣಿಗೆ ಕಾಣುತ್ತಾರೆ. ಅಲ್ಲೇ ಇದ್ದು ಸೀಟು ಬದಲಾಯಿಸಿದವರು ಕಾಣುವುದಿಲ್ಲ. ಕೌಂಟರಿನಲ್ಲಿದ್ದವರು ಸಾಲದ ವಿಭಾಗಕ್ಕೆ ಹೋಗುತ್ತಾರೆ, ಹೊಸ ಹಕ್ಕು ಸೇರುತ್ತದೆ, ಹಳೆಯದು ತೆಗೆಯುವುದಿಲ್ಲ. ಹತ್ತು ವರ್ಷದಲ್ಲಿ ಒಬ್ಬರೇ ಸಾಲ ಮಂಜೂರು ಮಾಡಬಲ್ಲರು, ದುಡ್ಡು ಬಿಡುಗಡೆ ಮಾಡಬಲ್ಲರು, ಲೆಕ್ಕವನ್ನೂ ತಿದ್ದಬಲ್ಲರು. ಯಾರೂ ಬೇಕಂತ ಹೀಗೆ ಮಾಡಿರುವುದಿಲ್ಲ, ಗದ್ದೆಗೆ ಮಣ್ಣು ಕೊಚ್ಚಿಕೊಂಡು ಬಂದು ತುಂಬಿದಂತೆ ನಿಧಾನಕ್ಕೆ ತುಂಬಿರುತ್ತದೆ. 2018ರಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ ನೆನಪಿರಬಹುದು, ಮುಂಬೈನ ಬ್ರಾಡಿ ಹೌಸ್ ಶಾಖೆ, 11,000 ಕೋಟಿ ರೂಪಾಯಿಗೂ ಹೆಚ್ಚು. ವಿದೇಶಿ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಮುಖ್ಯ ಸಾಫ್ಟ್‌ವೇರ್‌ಗೂ ಅಲ್ಲಿ ಜೋಡಣೆ ಇರಲಿಲ್ಲ. ಆರೋಪಕ್ಕೆ ಒಳಗಾದ ಅಧಿಕಾರಿ 2010ರಿಂದ 2017ರವರೆಗೆ ಅದೇ ಜಾಗದಲ್ಲಿದ್ದರು. ಒಂದು ಕಡೆ ಕಳಿಸಿದ್ದು ಇನ್ನೊಂದು ಕಡೆ ಲೆಕ್ಕಕ್ಕೆ ಬರದಿದ್ದರೆ, ಕೂತವರೂ ಬದಲಾಗದಿದ್ದರೆ, ನೋಡುವವರು ಯಾರು?

ಒಬ್ಬರು ಬರೆಯಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಬ್ಯಾಂಕ್ ಲಾಕರಿಗೆ ಎರಡು ಬೀಗದ ಕೈ ಬೇಕಾಗುವುದು ಇದಕ್ಕೇ. ಪಂಚಾಯಿತಿ ಹಣಕ್ಕೆ ಅಧ್ಯಕ್ಷರು, ಪಿಡಿಒ ಇಬ್ಬರ ಡಿಜಿಟಲ್ ಸಹಿ ಇಟ್ಟಿರುವುದೂ ಇದಕ್ಕೇ. ಆದರೆ ಎರಡು ಡಾಂಗಲ್ಲೂ ಆಪರೇಟರ್ ಹುಡುಗಿಯ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿಯ ಸಮೇತ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಅವಳಿಗೆ ಅದು ಎಷ್ಟು ದೊಡ್ಡ ಹೊರೆ ಎಂದು ಕೊಟ್ಟವರಿಗೂ ಗೊತ್ತಿಲ್ಲ. ಡಿಜಿಟಲ್ ಸಹಿಯ ಕೀಲಿಯನ್ನು ಸಹಿದಾರರೇ ಜೋಪಾನ ಮಾಡಬೇಕು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಬೇರೆಯವರ ಸಹಿ, ಪಾಸ್‌ವರ್ಡ್ ಬಳಸಿ ಮೋಸ ಮಾಡಿದರೆ ಅದೇ ಕಾಯ್ದೆಯ 66ಸಿ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಪೇಪರಿನ ಮೇಲೆ ಖಾಲಿ ಸಹಿ ಹಾಕಿಕೊಡುತ್ತೀರಾ ಅಂದರೆ ಬೆಚ್ಚಿಬೀಳುವ ಅದೇ ಅಧ್ಯಕ್ಷರು ಡಾಂಗಲ್ ಮಾತ್ರ ಸುಮ್ನೆ ಕೊಟ್ಟು ಹೋಗುತ್ತಾರೆ. ಅದು ಅದೇ ಖಾಲಿ ಸಹಿ ಎಂದು ಯಾರೂ ಅವರಿಗೆ ತಿಳಿಸಿ ಹೇಳಿಲ್ಲ.

ನಮ್ಮ ರಾಜ್ಯದವರಿಗೆ ಇದೆಲ್ಲ ತಿಳಿಯದ್ದೇನೂ ಅಲ್ಲ. 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯಲ್ಲಿ ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದು ಇಟ್ಟಿದ್ದರು. ಆಮೇಲೆ ನಾನು ಮಾಡಿಲ್ಲ ಅನ್ನಲು ಬರಬಾರದು ಅನ್ನುವುದು ಅದರ ಉದ್ದೇಶ. ಆ ಕಾಲಕ್ಕೆ ಅದು ದೊಡ್ಡ ಯೋಚನೆ.

ಬೆರಳಚ್ಚು ಎಲ್ಲಾ ಕಡೆ ಸರಿಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕಾಫಿ ಕೊಯ್ದು, ಕಾಡು ಸವರಿ, ಗುಂಡಿ ತೋಡಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಯ ಅಜ್ಜಿಯೊಬ್ಬರು ಯಂತ್ರದ ಮೇಲೆ ಹತ್ತು ಸಲ ಬೆರಳು ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ "ನಾನು ಬಂದಿದ್ದೀನಲ್ಲ ಸ್ವಾಮಿ, ಕಣ್ಣಿಗೆ ಕಾಣಲ್ವಾ" ಅಂದದ್ದನ್ನು ಕೇಳಿದ್ದೇನೆ. ಅಂಥವರ ಹಾಜರಿಯನ್ನು ರೈಟರ್ ತನ್ನ ಲಾಗಿನ್‌ನಿಂದ ಕೈಯಲ್ಲಿ ಹಾಕುತ್ತಾನೆ, ಅಲ್ಲಿಗೆ ಯಂತ್ರ ಇದ್ದೂ ಇಲ್ಲದಂತೆ. ಅದಕ್ಕಿಂತ ದೊಡ್ಡ ವಿಷಯ, ಪಾಸ್‌ವರ್ಡ್ ಕದ್ದುಹೋದರೆ ಬದಲಾಯಿಸಬಹುದು, ಬೆರಳು ಬದಲಾಯಿಸಲು ಆಗುವುದಿಲ್ಲ. ಹತ್ತು ಜನರ ಆಫೀಸಿಗೆ ಬೆರಳಚ್ಚು ಯಂತ್ರ ಬೇಕೇ ಬೇಕು ಅಂತ ನನಗನಿಸುವುದಿಲ್ಲ.

ಹಾಗಾದರೆ ಒಟಿಪಿ ಸಾಕಲ್ಲ ಅನ್ನಬಹುದು. ಬಯಲುಸೀಮೆಯಲ್ಲಿ ಕೂತವರಿಗೆ ಅದು ಸುಲಭ. ನಮ್ಮಲ್ಲಿ ಎಷ್ಟೋ ತೋಟದ ಆಫೀಸುಗಳಲ್ಲಿ ವೈಫೈ ಬಂದಿದೆ, ಮೊಬೈಲ್ ಸಿಗ್ನಲ್ ಬಂದಿಲ್ಲ. ಜೂನ್, ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ. ಅದಕ್ಕೆ ಜನ ಕಂಡುಕೊಂಡ ದಾರಿ, ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಗ್ನಲ್ ಇರುವ ಯಾರದ್ದಾದರೂ ನಂಬರ್ ಕೊಡುವುದು, ಅವರು ಬಂದ ಒಟಿಪಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು. ನನ್ನ ನಂಬರ್ ಆ ಜಿಮೇಲ್‌ಗೆ ಸೇರಿದ್ದೂ ಹೀಗೆಯೇ. ಇದಕ್ಕೆ ಒಳ್ಳೆಯ ಪರಿಹಾರ ಇದೆ, ಬಿಟ್ಟಿಯಾಗಿ ಸಿಗುತ್ತದೆ, ಯಾಕೆ ಬಳಸುವುದಿಲ್ಲವೋ ಗೊತ್ತಿಲ್ಲ. ಅಥೆಂಟಿಕೇಟರ್ ಆ್ಯಪ್. ಒಮ್ಮೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ಗುಟ್ಟಿನ ಸಂಖ್ಯೆ ಫೋನಿನಲ್ಲೂ ಸೈಟಿನಲ್ಲೂ ಕೂರುತ್ತದೆ. ಆಮೇಲೆ ಆ ಸಂಖ್ಯೆ ಮತ್ತು ಗಡಿಯಾರದ ಸಮಯ ಸೇರಿಸಿ ಎರಡೂ ಕಡೆ ಒಂದೇ ಆರಂಕಿಯ ಕೋಡ್ ಲೆಕ್ಕ ಹಾಕುತ್ತವೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿಗೆ ಸಿಗ್ನಲ್ ಬೇಡ, ಸಿಮ್ಮೂ ಬೇಡ. ಕೊಡಗಿಗೆ ಹೇಳಿ ಮಾಡಿಸಿದಂತಿದೆ. ಆ ಫೋನ್ ಕಳೆದರೆ ಇರಲಿ ಅಂತ ಕೊಡುವ ಬ್ಯಾಕಪ್ ಕೋಡುಗಳನ್ನು ಮಾತ್ರ ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡಿ.

ಪಾಸ್‌ವರ್ಡ್ ಬಗ್ಗೆ ಒಂದೇ ಮಾತು. ತಿಂಗಳಿಗೊಮ್ಮೆ ಬದಲಾಯಿಸಿ ಎಂಬ ಹಳೆಯ ನಿಯಮವನ್ನು ಬಿಡಿ ಎಂದು ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲೇ ಹೇಳಿದೆ. ಬದಲಾಯಿಸಿ ಅಂದರೆ ಜನ ಕೊನೆಯ 1 ಅನ್ನು 2 ಮಾಡುತ್ತಾರೆ ಅಷ್ಟೇ. ಉದ್ದ ಇರಲಿ, ಬೇರೆಲ್ಲೂ ಬಳಸಿದ್ದು ಬೇಡ, ಸೋರಿದೆ ಅಂತ ಗೊತ್ತಾದ ದಿನ ತಕ್ಷಣ ಬದಲಾಯಿಸಿ.

ಬಾಗಿಲು ಮುಚ್ಚುವ ಮಾತನ್ನೇ ಇಷ್ಟು ಹೊತ್ತು ಆಡಿದೆ, ತೆರೆಯಲು ಆಗದೆ ಹೋದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. 2018ರ ಆಗಸ್ಟ್. ಜೋಡುಪಾಲದ ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. ನಾನು ಆಗ ಲೆಕ್ಕ ನೋಡಿಕೊಳ್ಳುತ್ತಿದ್ದ ಇನ್ನೊಂದು ಆಫೀಸಿನಲ್ಲಿ ಸಂಬಳ ಹಾಕುವ ಲಾಗಿನ್ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅವರು ರಸ್ತೆಯ ಆ ಕಡೆ ಸಿಕ್ಕಿಕೊಂಡಿದ್ದರು, ಫೋನೂ ಸಿಗುತ್ತಿರಲಿಲ್ಲ. ಮನೆ ಕಳೆದುಕೊಂಡವರು ನಮ್ಮ ಸಿಬ್ಬಂದಿಯಲ್ಲೇ ಇದ್ದರು. ಅವರಿಗೆ ಆ ವಾರವೇ ದುಡ್ಡು ಬೇಕಿತ್ತು. ಬ್ಯಾಂಕಿನಲ್ಲಿ ಹಣ ಇದೆ, ಹಾಕಲು ಕೈ ಇಲ್ಲ. ಒಂಬತ್ತು ದಿನ ಹೀಗೆ ಕಳೆಯಿತು. ಅಲ್ಲಿಂದ ನಾನು ಕಲಿತದ್ದು, ಮುಖ್ಯ ಲಾಗಿನ್‌ಗೆ ಕಡಿಮೆ ಅಂದರೂ ಇಬ್ಬರು ಇರಬೇಕು, ಇಬ್ಬರಿಗೂ ಬೇರೆ ಬೇರೆ ಹೆಸರಿನಲ್ಲಿ. ಅದೂ ಸಾಲದೆ ಹೋದ ದಿನಕ್ಕೆ ಪಾಸ್‌ವರ್ಡ್ ಬರೆದಿಟ್ಟ ಒಂದು ಲಕೋಟೆಗೆ ಅರಗು ಹಾಕಿ ಲಾಕರಿನಲ್ಲಿ ಇಡಬೇಕು. ಒಡೆದರೆ ಯಾಕೆ ಒಡೆದೆವು ಅಂತ ಬರೆಯಬೇಕು, ಪಾಸ್‌ವರ್ಡ್ ಬದಲಾಯಿಸಿ ಹೊಸ ಲಕೋಟೆ ಇಡಬೇಕು.

ಕಾನೂನು ಕೂಡ ಹತ್ತಿರ ಬರುತ್ತಿದೆ. ಸೈಬರ್ ಘಟನೆ ನಡೆದರೆ 6 ಗಂಟೆಯೊಳಗೆ ತಿಳಿಸಿ, ಲಾಗ್‌ಗಳನ್ನು 180 ದಿನ ಇಡಿ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಜನರ ಮಾಹಿತಿಯನ್ನು ಯಾರು ಮುಟ್ಟಬಹುದು ಎಂಬ ಹಿಡಿತ ಇರಬೇಕು, ಯಾರು ಮುಟ್ಟಿದರು ಎಂಬ ಲಾಗ್ ಒಂದು ವರ್ಷ ಇರಬೇಕು ಎಂದು ಅದರಲ್ಲಿದೆ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಮ್ಮ ಸೊಸೈಟಿಗೆ ಯಾರೂ ಅಷ್ಟು ಹಾಕಲಾರರು, ನಿಜ. ಆದರೆ ಒಂದೇ ಲಾಗಿನ್‌ನಲ್ಲಿ ನಾಲ್ಕು ಜನ ಕೆಲಸ ಮಾಡುವ ಕಡೆ ಲಾಗ್ ಇಟ್ಟು ಏನು ಪ್ರಯೋಜನ, ಅದರಲ್ಲಿ ಬರೆದಿರುವ ಹೆಸರೇ ಸುಳ್ಳು.

ಸಣ್ಣ ಆಫೀಸಿಗೆ ನಾನು ಮಾಡಿಕೊಡುವುದು ಒಂದು ರಿಜಿಸ್ಟರ್. ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗಟ್ಟಿ ರಟ್ಟಿನ ಪುಸ್ತಕ. ಎಡಗಡೆ ಖಾತೆಯ ಹೆಸರು, ಯಾರ ಬಳಿ ಇದೆ, ಯಾವ ಫೋನಿಗೆ ಕೋಡ್ ಹೋಗುತ್ತದೆ. ಬಲಗಡೆ ಕೊಟ್ಟ ದಿನ, ತೆಗೆದ ದಿನ, ಇಬ್ಬರ ಸಹಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯುವುದಿಲ್ಲ. ಯಾರಾದರೂ ಬಿಡುವ ದಿನ ಲೆಕ್ಕ ಚುಕ್ತಾ ಮಾಡುವ ಮೊದಲು ಈ ಪುಸ್ತಕ ತೆರೆಯಬೇಕು. ಸಂಘದ ಆಡಳಿತ ಮಂಡಳಿ ಬದಲಾದಾಗಲೂ ಅಷ್ಟೇ, ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಾಯಿಸಲು ಓಡುತ್ತೇವೆ, ಸಾಫ್ಟ್‌ವೇರಿನ ಅಡ್ಮಿನ್ ಅನ್ನೂ ಅದೇ ವಾರ ಬದಲಾಯಿಸಬೇಕು. ವರ್ಷಕ್ಕೊಮ್ಮೆ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿ, ಕತ್ತಿ ಎಲ್ಲಾ ಹೊರಗೆ ತೆಗೆದು, ಒರೆಸಿ, ಎಷ್ಟಿವೆ, ಯಾವುದು ಎಲ್ಲಿದೆ ನೋಡುತ್ತೇವಲ್ಲ, ಅದರ ಮರುದಿನವೇ ಈ ಪುಸ್ತಕವನ್ನೂ ಒಮ್ಮೆ ಪೂರ್ತಿ ನೋಡಿ ಅಂತ ನಾನು ಹೇಳುತ್ತೇನೆ. ಅಮ್ಮತ್ತಿಯ ಕಡೆಯ ಒಂದು ಆಫೀಸಿನವರು ಮೂರು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ. ಮೊದಲ ವರ್ಷ ನೋಡಿದಾಗ 14 ಲಾಗಿನ್‌ಗಳಲ್ಲಿ 6 ಆಫೀಸಿನಲ್ಲಿ ಇಲ್ಲದವರ ಹೆಸರಿನಲ್ಲಿದ್ದವು. ಅದರಲ್ಲಿ ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು.

ಮೊನ್ನೆ ಆ ತೋಟಕ್ಕೆ ನಾನೇ ಫೋನ್ ಮಾಡಿದೆ. ನನ್ನ ನಂಬರ್ ತೆಗೆದುಹಾಕಪ್ಪ, ನಿನ್ನದು ಒಂದು, ಸಾಹುಕಾರರದು ಒಂದು ಹಾಕು ಅಂದೆ. "ಆಯ್ತಣ್ಣಾ, ಆದ್ರೆ ಅದಕ್ಕೆ ಪಾಸ್‌ವರ್ಡ್ ಕೇಳ್ತಿದೆ" ಅಂದ. ಅವನಿಗೆ ಗೊತ್ತಿಲ್ಲ, ಹಳೆ ಕಂಪ್ಯೂಟರಿನಲ್ಲಿ ಯಾವಾಗಲೂ ತೆರೆದೇ ಇತ್ತಂತೆ, ಹೊಸದಕ್ಕೂ ಬರೀ ನನಗೆ ಬಂದ ಕೋಡಿನಿಂದಲೇ ಹೋಗಿದ್ದಾನೆ. ಸಾಹುಕಾರರಿಗೂ ಗೊತ್ತಿಲ್ಲ. ನನಗೆ ನೆನಪಿದೆ, 2017ರಲ್ಲಿ ನಾನೇ ಇಟ್ಟದ್ದು. ಭಾನುವಾರ ಬೆಳಿಗ್ಗೆ ಬರುತ್ತೇನೆ, ಸಾಹುಕಾರರನ್ನೂ ಕೂರಿಸು, ಅವರ ಫೋನ್ ಚಾರ್ಜ್ ಮಾಡಿಟ್ಟಿರಲಿ ಅಂದಿದ್ದೇನೆ. ಅವರ ಆ ಹಳೆ ನೋಟ್‌ಬುಕ್ ಇನ್ನೂ ಇದ್ದರೆ, ನನ್ನ ಸಹಿಯ ಕೆಳಗೆ ಎರಡು ಗೆರೆ ಖಾಲಿ ಇರಬೇಕು. ಅಲ್ಲಿ ಬರೆದು ಬರುತ್ತೇನೆ.